ಬೇವಿನ ತುದಿಯ ಕೆಂಪು

ಆ ಸದ್ದು ಹಿಟ್ಟಿನ ಗಿರಣಿಯದೇ ಇರಬೇಕು, ಮರ ಕೊಯ್ಯುವ ಮಿಷನ್ ಹೀಗೆ ಒಂದೇ ಸಮ ಗುಂಯ್ಗುಡುವುದಿಲ್ಲ, ಅದು ಏರುತ್ತದೆ, ಇಳಿಯುತ್ತದೆ, ಬೊಡ್ಡೆಯೊಳಗೆ ಹೊಕ್ಕಾಗ ಗಂಟಲು ಕಟ್ಟಿದ ಹಾಗೆ ಮಾಡುತ್ತದೆ, ಇದು ಗಿರಣಿಯೇ, ಯಾರೋ ಜೋಳ ಬೀಸಿಸುತ್ತಿದ್ದಾರೆ, ಕಿಟಕಿ ಮುಚ್ಚಿದರೆ ಕೇಳುವುದಿಲ್ಲ, ಆದರೆ ಮುಚ್ಚಿದ ಮೇಲೆ ಅದು ಮಿಷನ್ನೇ ಆಗಿದ್ದರೆ — ಅಧ್ಯಕ್ಷರು ಓದುತ್ತಿದ್ದಾರೆ, ಶ್ರೀರಾಮುಲು ಸಾರ್, ಕನ್ನಡಕ ಮೂಗಿನ ತುದಿಗೆ ಜಾರಿದೆ, ಶಾಲೆಯ ಕಾಂಪೌಂಡು ಸೀಳುತ್ತಿರುವ ಸುಬಾಬುಲ್ ಮರ, ತೆಗೆಯಲು ದರಖಾಸ್ತು, ಏನಂತೀರಿ, ತೆಗೀಬಹುದ್ರಿ ಅಂದ ನರ್ಸರಿಯ ನರೇಂದರ್, ನಾನೂ ತಲೆ ಆಡಿಸಿದೆ, ಮಂಜೂರು, ತಲೆ ಆಡಿಸುವ ಮುಂಚೆ ಯೋಚಿಸಿದೆನೆ, ಆ ಸುಬಾಬುಲ್‌ನಲ್ಲಿ ಗೂಡು ಇತ್ತೋ ಇಲ್ಲವೋ ನೋಡಿದೆನೆ, ನೋಡಲಿಲ್ಲ, ನನ್ನ ತಲೆ ತಾನಾಗಿ ಆಡುತ್ತದೆ, ಕೈ ತಾನಾಗಿ ಏಳುತ್ತದೆ, ಇಂಥವಳನ್ನು ಮರದ ಕಮಿಟಿಗೆ ಹಾಕಿಕೊಂಡಿದ್ದಾರೆ. ಹಾಕಿಕೊಂಡಿದ್ದಾದರೂ ಹೇಗೆ, ನಮ್ಮ ಓಣಿಯ ಹುಣಸೆ ಕಡಿದ ದಿನ ಈ ಕಚೇರಿಗೆ ಬಂದು ಯಾರನ್ನ ಕೇಳಿ ಕಡಿದ್ರಿ ಅಂತ ಒಂದು ಮಾತು ಕೇಳಿದ್ದೆ, ಇನ್ನ ಮ್ಯಾಲ ನಿಮ್ಮನ್ನ ಕೇಳೇ ಕಡೀತೀವಿ ಬರ್ರಿ ಶಿವರಂಜನಮ್ಮ ಅಂತ ಶ್ರೀರಾಮುಲು ಸಾರ್ ನಕ್ಕುಬಿಟ್ಟರು, ಹಾಗೆ ನಾನು ಮೂರನೆಯವಳಾದೆ, ಸೀರೆಗೆ ಫಾಲ್ ಹಚ್ಚುವವಳು, ಕುಚ್ಚು ಕಟ್ಟುವವಳು, ನಾರಾಯಣಪೇಟೆಯಲ್ಲಿ ಹಗಲೆಲ್ಲ ಹೊಲಿದು ಸಂಜೆ ಕ್ಲಾಸಿಗೆ ಕೂತು ಡಿಗ್ರಿ ಮಾಡಿದವಳು, ಅದರಲ್ಲೂ ಚರಿತ್ರೆ, ಮರದ ಬಗ್ಗೆ ಒಂದು ಪಾಠವೂ ಇರಲಿಲ್ಲ.

ಮುಂದಿನದು ಯಾವುದೋ ತೇಗ, ಅದರ ಮುಂದಿನದು ಆದೆಪ್ಪನ ಬೇವು, ನನಗೆ ಗೊತ್ತು. ಆದೆಪ್ಪನ ಬೇವು ಅನ್ನುವುದೇ ತಪ್ಪು, ಅದು ರಸ್ತೆಯ ಬೇವು, ಆದೆಪ್ಪನ ಬೀಜದ ಅಂಗಡಿಯ ಮುಂದೆ ನಿಂತಿದೆ ಅಷ್ಟೇ, ನೆರಳಿನ ಲೆಕ್ಕದಲ್ಲಿ ನೋಡಿದರೆ ಅದು ಸಂಗಮ್ಮನ ಬೇವು, ಅದರ ಬುಡದಲ್ಲಿ ಒಲೆ ಹೂಡಿ ರೊಟ್ಟಿ ಬಡಿಯುತ್ತಾಳೆ, ದಾಮರಗಿದ್ದದಿಂದ ಕೂಲಿಗೆ ಹೊರಟವರು ಬಸ್ಸಿಗೆ ಮುಂಚೆ ಅಲ್ಲೇ ಕೂತು ತಿನ್ನುತ್ತಾರೆ. ನಿನ್ನೆ ಕಮಿಟಿಯ ಮೂವರೂ ನೋಡಲು ಹೋದಾಗ ಮರದಲ್ಲಿ ಒಂದು ಹಸಿರೆಲೆ ಇರಲಿಲ್ಲ, ಮಳೆಗಾಲದಿಂದ ಹೀಗೆ, ತುದಿಯಿಂದ ಸುಟ್ಟುಕೊಂಡು ಬಂದ ಹಾಗೆ ಕಂದು, ಒಣಗಿದ ಎಲೆ ಉದುರದೆ ನಿಂತು ನೆರಳಷ್ಟೇ ಕೊಡುತ್ತಿವೆ, ಈ ಸೀಮೆಯ ಎಷ್ಟೋ ಬೇವು ಹೀಗಾಗಿವೆ, ರೋಗ ಅಂತಾರೆ, ನರೇಂದರ್ ಅಂದ, ಸತ್ತಿಲ್ಲ ಬಿಡ್ರಿ, ಯುಗಾದಿಗೆ ಚಿಗೀತಾವ, ಹ್ವಾದ ವರ್ಷ ಗದ್ವಾಲ್ ರೋಡಿನ್ಯಾಗ ಚಿಗಿತು, ಎಲ್ಲಾವೂ ಚಿಗಿತಾವೇನಪ ಅಂತ ಆದೆಪ್ಪ ಕೇಳಿದ, ಎಲ್ಲವೂ ಚಿಗುರಲಿಲ್ಲ, ಅದು ನರೇಂದರ್‌ಗೂ ಗೊತ್ತು. ಆದೆಪ್ಪನ ಮೇಲೆ ಸಿಟ್ಟಾಗೋಣ ಅಂದರೆ ಆಗುವುದಿಲ್ಲ, ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಬಲಗೈ ಪೂರ್ತಿ ಮೇಲೆ ಬರುವುದಿಲ್ಲ, ಮಳೆಗಾಲದ ಕೊನೆಯ ಗಾಳಿಗೆ ಇದೇ ಮರದ ಒಣಗಿದ ಟೊಂಗೆ ತಗಡಿನ ಮೇಲೆ ಬಿದ್ದು ತಗಡು ಅವಳ ಭುಜದ ಮೇಲೆ ಬಿತ್ತು, ಅಕ್ಕಾರ, ಮರ ನನಗೇನ ವೈರಿ ಅಲ್ಲ, ಈಕಿ ಜಡಿ ಹಾಕ್ಕೊಳ್ಳಾಕ ಆಗ್ವಲ್ದು, ನಾನ ಹಾಕ್ತೀನಿ ನೋಡ್ರಿ ಅಂದ, ನಾಲ್ಕು ಮಂದಿ ನಕ್ಕರು, ಅವಳೂ ನಕ್ಕಳು, ನನಗೆ ನಗು ಬರಲಿಲ್ಲ. ಸಂಗಮ್ಮ ರೊಟ್ಟಿ ಬಡಿಯುತ್ತಲೇ ಇದ್ದಳು, ಅವಳ ತಲೆಯ ಮೇಲೆ ನೇರವಾಗಿ ಒಂದು ದಪ್ಪ ಕೊಂಬೆ, ಅದನ್ನು ನೋಡಿದೆ, ಅವಳನ್ನು ನೋಡಿದೆ, ನೀನೇನಂತೀಯವ್ವಾ ಅಂತ ಕೇಳಿದೆ, ಕೊಂಬಿ ಬಿದ್ರ ನನ್ನ ಮ್ಯಾಲ ಬೀಳ್ತೈತಿ, ನಿಮ್ಮ ಕಮಿಟಿ ಮ್ಯಾಲ ಬೀಳಂಗಿಲ್ಲ ಅಂದಳು, ಹಂಗಾರ ಕಡೀಲೇನು ಅಂದರೆ, ಕಡಿದ್ರ ನೆಳ್ಳ ಹೋತು, ನೆಳ್ಳ ಹೋತಂದ್ರ ಮಂದಿ ಹೋತು, ಮಂದಿ ಹೋದ್ರ ನಾ ಯಾರಿಗೆ ಬಡೀಲಿ ಅಂದಳು, ಏನು ಮಾಡಬೇಕು ಅಂತ ಮಾತ್ರ ಹೇಳಲಿಲ್ಲ, ಅದು ನಿಮ್ಮ ಕೆಲಸ ಅನ್ನುವ ಹಾಗೆ ರೊಟ್ಟಿ ತಿರುವಿ ಹಾಕಿದಳು.

ಆಗಲೇ ಕಂಡಿದ್ದು, ಅದೇ ಕೊಂಬೆಯ ಕವಲಿನಲ್ಲಿ, ಒಂದು ಸಣ್ಣ ಕೆಂಪು. ಬೇವಿನ ಎಳೆ ಚಿಗುರು ಮೊದಲು ಹಸಿರಾಗಿರುವುದಿಲ್ಲ, ತಾಮ್ರದ ಹಾಗೆ ಕೆಂಪಗಿರುತ್ತದೆ, ಹಾಗೇ ಇತ್ತು, ಚೂರೇ ಚೂರು, ಅದೇನ್ರಿ ಅಲ್ಲಿ ಅಂತ ನರೇಂದರ್‌ಗೆ ತೋರಿಸಿದೆ, ಅವನು ಕೈ ಅಡ್ಡ ಹಿಡಿದು ನೋಡಿದ, ಚಿಗುರಿದ್ರೂ ಇರಬಹುದು, ಸಂಕ್ರಾಂತಿ ಗಾಳಿಪಟದ ದಾರ ಸಿಕ್ಕೊಂಡಿದ್ರೂ ಇರಬಹುದು ಅಂದ, ದಾರ ಅಂದ, ನನಗೆ ಅಂದ, ದಿನವೆಲ್ಲ ದಾರ ಹಿಡಿದು ಕೂರುವವಳಿಗೆ, ದೀಪವಿಲ್ಲದೆ ಸೂಜಿಗೆ ಪೋಣಿಸುವವಳಿಗೆ ಅಷ್ಟೆತ್ತರದಲ್ಲಿ ದಾರ ಯಾವುದು ಚಿಗುರು ಯಾವುದು ತಿಳಿಯಲಿಲ್ಲ, ಇನ್ನೊಂದು ಹೆಜ್ಜೆ ಹಿಂದೆ ಹೋದರೆ ತಿಳಿಯಬಹುದೇನೋ ಅಂತ ಮೇಲೆ ನೋಡುತ್ತಲೇ ಹಿಂದೆ ಸರಿದೆ, ಕಾಲು ಬೇರಿಗೆ ಎಡವಿತು. ಪುಸ್ತಕಕ್ಕೆ ಕಾಲು ತಾಗಿದರೆ, ಹಿರಿಯರಿಗೆ ಕಾಲು ತಾಗಿದರೆ ಏನು ಮಾಡುತ್ತೇನೋ ಅದನ್ನೇ ಮಾಡಿದೆ, ಬಗ್ಗಿ ಬೊಡ್ಡೆ ಮುಟ್ಟಿದೆ, ಕಣ್ಣಿಗೆ ಒತ್ತಿಕೊಂಡೆ, ಅಷ್ಟೇ. ಮಂದಿ ಯಾಕೋ ನನ್ನ ಕೈಯನ್ನೇ ನೋಡಿದರು. ಆಮೇಲೆ ಚದುರಿದರು. ಶ್ರೀರಾಮುಲು ಸಾರ್ ಹಾಗಾದ್ರ ಆಯ್ತು ಬಿಡ್ರಿ ಅಂದರು, ಏನು ಆಯ್ತು ಅಂತ ನಾನು ಕೇಳಲಿಲ್ಲ.

ಬೆಳಿಗ್ಗೆ ಇಲ್ಲಿಗೆ ಬರುವಾಗ ಆ ದಾರಿ ಹಿಡಿದೆ, ಇನ್ನೊಮ್ಮೆ ಆ ಕೆಂಪನ್ನು ನೋಡಿಕೊಂಡು ಹೋಗೋಣ ಅಂತ, ಕೆಂಪು ಕಾಣಲಿಲ್ಲ, ಬಿಸಿಲು ಎದುರಿಗಿತ್ತು, ಕಂಡಿದ್ದು ಕೊಡಲಿ. ಬುಡಕ್ಕೆ ಒರಗಿಸಿದ ಕೊಡಲಿ, ಹಿಡಿಗೆ ಅರಿಶಿಣ, ಪಕ್ಕದಲ್ಲಿ ಎಲೆಯ ಮೇಲೆ ಮೊಸರು ಹಚ್ಚಿದ ರೊಟ್ಟಿ, ಇರುವೆ ಮುತ್ತಿತ್ತು. ದೊಡ್ಡ ಮರ ಕಡಿಯುವ ಮುಂಚೆ ಕೊಡಲಿ ಒಂದು ರಾತ್ರಿ ಮರದ ಜೊತೆ ಇರಬೇಕು, ಗದ್ವಾಲಿನಿಂದ ಮರ ಕಡಿಯಲು ಬರುವ ಬಾಲಯ್ಯನಿಗೆ ಈಗ ಮಿಷನ್ ಇದೆ, ಕೊಡಲಿ ಶಾಸ್ತ್ರಕ್ಕೆ ಮಾತ್ರ, ಆದರೆ ಶಾಸ್ತ್ರ ಬಿಡುವುದಿಲ್ಲ, ಶಾಸ್ತ್ರ ಬಿಟ್ಟ ಅವನ ಭಾವನ ಮೇಲೆ ಒಂದು ಆಲ ಉರುಳಿತ್ತಂತೆ. ಅಂದರೆ ಬಾಲಯ್ಯನಿಗೆ ಯಾರೋ ಹೇಳಿಯಾಗಿದೆ, ನಾವಿನ್ನೂ ಕೂತಿಲ್ಲ, ಹೇಳಿಯಾಗಿದೆ, ಯಾರು, ಆದೆಪ್ಪನೆ, ಅವನು ಹೇಳಿದರೆ ಬಾಲಯ್ಯ ಕೇಳುವವನಲ್ಲ, ಶ್ರೀರಾಮುಲು ಸಾರ್ ಅವರೇ ಹೇಳಿರಬೇಕು, ನಮ್ಮನ್ನು ಸುಮ್ಮನೆ ಚಹಾ ಕುಡಿಯಲು ಕರೆದಿದ್ದಾರೆ, ಛೀ, ಅವರ ಬಗ್ಗೆ ಹೀಗೆ ಯೋಚಿಸಬಾರದು, ಆದರೆ ಯೋಚಿಸುತ್ತಿದ್ದೇನೆ, ಅವರ ಕನ್ನಡಕದ ಕಡೆ ನೋಡಿ ಯೋಚಿಸುತ್ತಿದ್ದೇನೆ, ಗಿರಣಿಯ ಸದ್ದು ಸ್ವಲ್ಪ ಏರಿತೆ, ಇಲ್ಲ, ಫ್ಯಾನಿನದು.

ಆದೆಪ್ಪನ ಬೇವು ಅಂತ ಓದಿದರು. ತೆಗೀಬೇಕಂತ ನನ್ನ ಮಾತು, ಒಬ್ಬರ ಭುಜ ಹೋಗೈತಿ, ಇನ್ನೊಬ್ಬರ ತಲಿ ಹೋಗಾಕ ಬಿಡಾಕಾಗಲ್ಲ ಅಂದರು ಶ್ರೀರಾಮುಲು ಸಾರ್. ಬ್ಯಾಡ್ರಿ, ಯುಗಾದಿತನ ನೋಡೂಣು ಅಂದ ನರೇಂದರ್. ಇನ್ನು ನಾನು. ಇಬ್ಬರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಸಾರ್ ಪೆನ್ನಿನ ಟೋಪಿ ಹಾಕಿ ಮುಂದಿನ ಕಾಗದ ಎಳೆದುಕೊಂಡರು, ಸಾರ್, ನನ್ನನ್ನ ಕೇಳಲಿಲ್ಲಲ್ರಿ ಅಂದೆ, ನನ್ನ ಧ್ವನಿ ಯಾರದೋ ಇದ್ದಂತಿತ್ತು, ನಿಮ್ಮದು ನಿನ್ನೇನೇ ಆಯ್ತಲ್ಲಮ್ಮ ಅಂದರು, ಬಾಲಯ್ಯಗ ಯಾರ ಹೇಳಿದ್ರು ಅಂದೆ, ಏಮಮ್ಮಾ ಹಿಂಗಂತೀರಿ, ನೀವೇ ಅಲ್ಲಾ, ಮಂದಿ ಮುಂದ ಬೊಡ್ಡಿ ಮುಟ್ಟಿ ತಪ್ಪಾಯ್ತಂತ ಕೇಳಿದ್ರಿ, ಕಣ್ಣಿಗೆ ಒತ್ತಿಕೊಂಡ್ರಿ, ನಾನೂ ಅಂದ್ಕೊಂಡೆ, ಈಯಮ್ಮ ಧೈರ್ಯದಾಕಿ, ನಮ್ಮಂಗ ಮೀಟಿಂಗಿನ ತನಕ ಎಳೀಲಿಲ್ಲ ಅಂತ. ನಮ್ಮ ಅಜ್ಜಿಯೂ ಹಾಗೇ ಮಾಡಿದ್ದಳು, ಹೊಲದ ಬನ್ನಿಯನ್ನು ತೆಗೆಸುವಾಗ, ಕಡಿಯಲು ಒಪ್ಪಿಗೆ ಕೊಡುವವರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು, ಆಮೇಲೇ ಕೊಡಲಿ ಒರಗಿಸುವುದು, ನನಗೆ ಗೊತ್ತಿತ್ತು, ಎಲ್ಲಾ ಗೊತ್ತಿತ್ತು, ನನ್ನ ಕೈಗೆ ಮಾತ್ರ ಗೊತ್ತಿರಲಿಲ್ಲ. ಕಾಲು ತಾಗಿತ್ರಿ ಸಾರ್ ಅಂದೆ, ಏನು, ಬೇರಿಗೆ ಕಾಲು ತಾಗಿತ್ರಿ, ಅದಕ್ಕ ಮುಟ್ಟಿದೆ. ನರೇಂದರ್ ನನ್ನನ್ನು ನೋಡಿದ, ನಗಬೇಕೋ ಬೇಡವೋ ಅಂತ ಗೊತ್ತಾಗದವನ ಹಾಗೆ. ಹಂಗಾದ್ರ ಈಗ ಹೇಳ್ರಿ, ಕಡೀಬೇಕೋ ಬ್ಯಾಡೋ ಅಂದರು ಸಾರ್, ಸಿಟ್ಟಿನಿಂದಲ್ಲ, ಅದೇ ಕಷ್ಟ, ಬೇಡ ಅಂದರೆ ನಾಳೆ ಆ ಕೊಂಬೆ ಸಂಗಮ್ಮನ ಮೇಲೆ, ಹೂಂ ಅಂದರೆ ಆ ಕೆಂಪು, ಕೊಂಬೆಯೊಂದನ್ನೇ ತೆಗೆಸೋಣ ಅಂದರೆ ಕೆಂಪು ಇರುವುದೂ ಅದೇ ಕೊಂಬೆಯಲ್ಲಿ, ಜೀವ ಇರುವ ಗುರುತು ಇರುವುದೂ ಅಲ್ಲೇ, ಅಪಾಯ ಇರುವುದೂ ಅಲ್ಲೇ, ಹೇಳಬೇಕು ಅಂತ ಬಾಯಿ ತೆರೆದೆ, ಅಷ್ಟರಲ್ಲಿ ಗಿರಣಿ ನಿಂತಿತು. ಗಿರಣಿ ನಿಂತರೂ ಸದ್ದು ನಿಲ್ಲಲಿಲ್ಲ. ಅದರ ಕೆಳಗೆ ಇನ್ನೊಂದು ಸದ್ದು ಇತ್ತು, ಏರುತ್ತಿತ್ತು, ಇಳಿಯುತ್ತಿತ್ತು.

ಚಪ್ಪಲಿ ಮೆಟ್ಟಿದೆನೋ ಇಲ್ಲವೋ, ಮೆಟ್ಟಿದ್ದೇನೆ, ಒಂದು ಜಾರುತ್ತಿದೆ, ತರಕಾರಿ ಗಾಡಿಯ ಸಂದಿಯಲ್ಲಿ ಸೆರಗು ಸಿಕ್ಕಿತು, ಬಿಡಿಸಿಕೊಂಡೆ, ನಿಧಾನ ಅಕ್ಕಾ ಅಂದರು ಯಾರೋ, ಬೊಡ್ಡೆಗೆ ಹಚ್ಚಿದ್ದರೆ ಮುಗಿಯಿತು, ಹಚ್ಚಿದ ಮೇಲೆ ಅರ್ಧಕ್ಕೆ ಬಿಡಲೂ ಆಗುವುದಿಲ್ಲ, ಅರ್ಧ ಕೊಯ್ದ ಮರ ಇನ್ನೂ ಅಪಾಯ, ನನ್ನಿಂದ, ನನ್ನ ಈ ಕೈಯಿಂದ — ತಿರುವು ದಾಟಿದೆ, ಮರ ಇದೆ. ಬಾಲಯ್ಯ ಮಿಷನ್ನನ್ನು ಗಾಳಿಯಲ್ಲಿ ಓಡಿಸಿ ನೋಡುತ್ತಿದ್ದಾನೆ, ಹಗ್ಗ ಇನ್ನೂ ಸುರುಳಿಯಲ್ಲೇ ಇದೆ, ಸಂಗಮ್ಮ ಒಲೆ ಕಿತ್ತುಕೊಂಡು ರಸ್ತೆಯಾಚೆ ಬಿಸಿಲಲ್ಲಿ ಹೂಡಿದ್ದಾಳೆ, ತಲೆಯ ಮೇಲೆ ಸೆರಗು ಮಡಿಸಿ ಹಾಕಿಕೊಂಡಿದ್ದಾಳೆ. ನಾನು ನೇರ ಹೋಗಿ ಬೊಡ್ಡೆಗೆ ಕೈ ಊರಿ ನಿಂತೆ, ಉಸಿರು ಹಿಡಿಯಲು ಅಂತ, ಅಡ್ಡ ನಿಲ್ಲಬೇಕು ಅಂತಲೇ, ಯಾವುದು ಮೊದಲು ಗೊತ್ತಿಲ್ಲ. ಮಿಷನ್ ನಿಂತಿತು. ಸರೀರಿ ಅಕ್ಕಾ, ಸಿಪ್ಪಿ ಹಾರ್ತಾವ ಅಂದ ಬಾಲಯ್ಯ, ಮಂಜೂರಿ ಆಗಿಲ್ಲಪ ಅಂದೆ, ಅಯ್ಯ, ನಿನ್ನೆ ಮುಟ್ಟಿದ್ರಿ, ಇವತ್ತೂ ಮುಟ್ಟೀರಿ, ಒಂದ ಮರಕ್ಕ ಎಷ್ಟ ಸಾರಿ ತಪ್ಪಾಯ್ತು ಅಂತೀರಿ, ಕಣ್ಣಿಗೊತ್ತಿಕೊಂಡ ಬಿಡ್ರಿ, ಕೆಲಸ ಮುಗಸ್ತೀನಿ, ಸುತ್ತ ನಿಂತವರು ನಕ್ಕರು, ನಾನು ಕೈ ತೆಗೆಯಲಿಲ್ಲ. ಸಾರ್ ನರೇಂದರನ ಗಾಡಿಯ ಹಿಂದೆ ಕೂತು ಬಂದರು, ಇಳಿದರು, ಏನಮ್ಮಾ, ಏನಂತ ಬರಕೊಳ್ಳಲಿ ಅಂದರು, ಆದೆಪ್ಪ ಅಂಗಡಿಯ ಮೆಟ್ಟಿಲ ಮೇಲೆ, ಅವನ ಹಿಂದೆ ಅವನ ಹೆಂಡತಿ, ಅರ್ಧಕ್ಕೆ ನಿಂತ ಆ ಕೈ. ಬ್ಯಾಡ ಅಂತ ಬರಕೊಳ್ರಿ ಅಂದೆ, ಯುಗಾದಿತನಕ, ಈ ಕೊಂಬಿ ಕೆಳಗ ಯಾರೂ ಕೂಡಂಗಿಲ್ಲ, ಹಗ್ಗ ಕಟ್ರಿ, ಆದೆಪ್ಪನ ತಗಡಿನ ಮ್ಯಾಲ ಬಂದ ಒಣ ಟೊಂಗಿ ತೆಗೀರಿ, ಯುಗಾದಿಗೆ ಚಿಗೀಲಿಲ್ಲಂದ್ರ ನಾನ ಬಂದು ಮುಟ್ತೀನಿ. ಆದೆಪ್ಪ ಒಳಗೆ ಹೋದ, ಬೈದಿದ್ದರೆ ಹಗುರಾಗುತ್ತಿತ್ತು. ಯುಗಾದಿತನ ನಾ ಬಿಸಿಲಾಗ ಬೇಯ್ಬೇಕನು ಅಂದಳು ಸಂಗಮ್ಮ ಆಚೆಯಿಂದ, ಚಿಗೀಲಿಲ್ಲಂದ್ರ ನೋಡವ್ವ ಕಮಿಟಿಯಾಕಿ, ನನ್ನ ಒಲಿ ಮುಂದ ನೀ ಕೂತು ರೊಟ್ಟಿ ಬಡೀಬೇಕು, ಬಡೀತೀನಿ ಅಂದೆ, ನಿನಗ ಬಡೀಲಿಕ್ಕೆ ಬರತೈತೇನ ಅಂದಳು.

ಸಾರ್ ಬರೆದುಕೊಂಡರು, ಬಾಲಯ್ಯ ಕೊಡಲಿ ಎತ್ತಿ ಹೆಗಲಿಗೆ ಹಾಕಿಕೊಂಡ, ಎಲ್ಲ ಮುಗಿದಿದೆ, ಕೈ ತೆಗೆಯಬಹುದು, ತೆಗೆಯಲಾರೆ, ಹಣೆಯ ಬೆವರು ಕಣ್ಣಿಗಿಳಿದು ಉರಿಯುತ್ತಿದೆ, ಒರೆಸಿಕೊಳ್ಳಲು ಈ ಕೈ ಎತ್ತಿದರೆ ಕಣ್ಣಿಗೆ ಒತ್ತಿಕೊಂಡ ಹಾಗೆ ಕಾಣುತ್ತದೆ, ಮಂದಿ ನೋಡುತ್ತಿದ್ದಾರೆ, ಉರಿಯಲಿ, ಏನು ನಂಬಿ ಬ್ಯಾಡ ಅಂದೆ, ಗೊತ್ತಿಲ್ಲದ್ದನ್ನು ನಂಬಿ ಅಂದೆ, ಇವತ್ತು ರಾತ್ರಿ ಗಾಳಿ ಬಂದರೆ, ಹಗ್ಗದ ಒಳಗೆ ಯಾರಾದರೂ ಕಾಲಿಟ್ಟರೆ, ನಾಯಿ, ಕುಡಿದವನು, ಸಂಗಮ್ಮನೇ ಮರೆತು ಬಂದು ಕೂತರೆ, ಉರಿಯುವ ಕಣ್ಣನ್ನೇ ಮೇಲಕ್ಕೆತ್ತುತ್ತೇನೆ, ಬಿಸಿಲು ಈಗ ಹಿಂದಿನಿಂದ ಬರುತ್ತಿದೆ, ಕವಲು ಕಾಣುತ್ತದೆ, ಇದೆ, ಅಲ್ಲೇ ಇದೆ, ದಾರವಾದರೆ ಜೋತುಬಿದ್ದಿರಬೇಕು, ಇಷ್ಟು ವರ್ಷ ನೋಡಿದ್ದೇನೆ, ಕೈಬಿಟ್ಟ ದಾರ ಯಾವಾಗಲೂ ಕೆಳಗೇ ಇಳಿಯುತ್ತದೆ, ರೇಷ್ಮೆಯಾಗಲಿ ನೂಲಾಗಲಿ, ಬಿಗಿದು ಕಟ್ಟದ ಹೊರತು ಯಾವ ದಾರವೂ ನಿಂತದ್ದನ್ನು ನಾನು ಕಂಡಿಲ್ಲ, ಇದು ನಿಂತಿದೆ, ನಿಂತಿದೆಯೆ, ಪಟದ ದಾರ ಎರಡು ಕಡ್ಡಿಗೆ ಬಿಗಿದುಕೊಂಡಿದ್ದರೂ ಹೀಗೇ ಕಾಣಬಹುದು, ಇಲ್ಲ, ಎರಡನೆಯ ಕಡ್ಡಿ ಇಲ್ಲ, ಒಂದೇ ಕಡ್ಡಿ, ಅದರ ತುದಿಯಲ್ಲಿ, ಕೆಂಪು, ಬೆವರಿಗೆ ಮಸುಕಾಗುತ್ತದೆ, ರೆಪ್ಪೆ ಬಡಿದರೆ ಮತ್ತೆ ಬರುತ್ತದೆ, ಸಣ್ಣದು, ಮೇಲಕ್ಕೆ — ಕೆಂಪು — ಮೇಲಕ್ಕೆ