ವೇದವಲ್ಲಿಯವರನ್ನು ಯಾರೂ ಕೇಳಲಿಲ್ಲ

ಬೆಳಿಗ್ಗೆ ಆರೂವರೆ. ಹಳೇಬೀಡಿನ ಕೆರೆ ಕಡೆಯ ಬೀದಿಯ ಮನೆಯೊಂದರಲ್ಲಿ ವೇದವಲ್ಲಿಯವರಿಗೆ ಉಸಿರು ಸಿಗಲಿಲ್ಲ.

ಹೊಸ್ತಿಲ ಮೇಲೆ ಕೂರಬಾರದು ಎಂದು ಮನೆಯವರಿಗೆಲ್ಲ ಹೇಳುತ್ತಿದ್ದವರು ಅಂದು ಅಡುಗೆಮನೆಯ ಹೊಸ್ತಿಲ ಮೇಲೆಯೇ ಕುಸಿದು ಕೂತಿದ್ದರು. ಬಾಯಿ ತೆರೆದಿತ್ತು, ತುಟಿ ನೀಲಿಯಾಗಿತ್ತು. ಸೊಸೆ ವಿಭಾ ಇನ್‌ಹೇಲರ್ ತಂದು ಬಾಯಿಗಿಟ್ಟಳು. ಪ್ರಯೋಜನವಾಗಲಿಲ್ಲ. ಮಗ ರಘುರಾಮ್ 108ಕ್ಕೆ ಕರೆ ಮಾಡಿದ.

ವೇದವಲ್ಲಿಯವರಿಗೆ ಅರವತ್ತಾರು ವರ್ಷ. ಪತಿ ಸಂಪತ್ಕುಮಾರ್ ಬೀದಿಯ ಕೊನೆಯಲ್ಲಿರುವ ಚಿಕ್ಕ ವೇಣುಗೋಪಾಲ ಗುಡಿಯ ಅರ್ಚಕರು. ಸ್ವಾಮಿಯ ನೈವೇದ್ಯ ಸೌದೆ ಒಲೆಯ ಮೇಲೇ ಆಗಬೇಕು ಎಂಬುದು ಆ ಮನೆಯ ಪದ್ಧತಿ. ಮನೆಯ ಅಡುಗೆಗೆ ಗ್ಯಾಸ್ ಬಂದು ಎಷ್ಟೋ ಕಾಲವಾದರೂ ನೈವೇದ್ಯದ ಒಲೆ ಬದಲಾಗಿರಲಿಲ್ಲ. ಮದುವೆಯಾಗಿ ಬಂದ ದಿನದಿಂದ ಆ ಹೊಗೆಯ ಮುಂದೆ ಕೂತವರು ವೇದವಲ್ಲಿ. ಬೀಡಿ, ಸಿಗರೇಟು ಮುಟ್ಟದ ಹೆಂಗಸರಿಗೂ ಸೌದೆ ಹೊಗೆಯಿಂದ ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು ಎಂದು ವೈದ್ಯರು ಹೇಳಿದ್ದು ಎರಡು ವರ್ಷದ ಹಿಂದೆ. ಹಾಳಾದ ಭಾಗ ಮತ್ತೆ ಮೊದಲಿನಂತಾಗುವುದಿಲ್ಲ ಎಂದೂ ಹೇಳಿದ್ದರು. ಆಮೇಲೆ ನೈವೇದ್ಯವೂ ಗ್ಯಾಸಿಗೆ ಬಂತು. ಸ್ವಾಮಿ ಬೇಡವೆನ್ನಲಿಲ್ಲ.

ಹಾಸನದ ಆಸ್ಪತ್ರೆಯಲ್ಲಿ ಮುಖಕ್ಕೆ ಬಿಗಿಯಾದ ಮಾಸ್ಕ್ ಕಟ್ಟಿ, ಯಂತ್ರದಿಂದ ಒಳಕ್ಕೆ ಗಾಳಿ ಒತ್ತಿದರು. ಚಿಕ್ಕ ವಯಸ್ಸಿನ ವೈದ್ಯರೊಬ್ಬರು ತಂದೆ ಮಗನನ್ನು ಮಂಚದ ಕಾಲಬದಿಗೆ ಕರೆದರು.

"ಮಾಸ್ಕಲ್ಲಿ ಸರಿ ಹೋಗಬಹುದು. ಹೋಗದೇ ಇದ್ರೆ ಗಂಟಲಿಗೆ ಕೊಳವೆ ಹಾಕಿ ವೆಂಟಿಲೇಟರ್‌ಗೆ ಹಾಕಬೇಕಾಗುತ್ತೆ. ನೀವು ಯೋಚನೆ ಮಾಡಿ ಹೇಳಿ."

"ಹಾಕಿ ಡಾಕ್ಟ್ರೇ. ಏನೇನಿದೆಯೋ ಎಲ್ಲಾ ಮಾಡಿ," ಎಂದರು ಸಂಪತ್ಕುಮಾರ್.

"ಅಪ್ಪಾ, ದೊಡ್ಡಮ್ಮಂಗೆ ಹಾಗೇ ಹಾಕಿದ್ರಲ್ಲ..." ಎಂದ ರಘುರಾಮ್. ಮಾತು ಅಲ್ಲಿಗೇ ನಿಂತಿತು.

ವೇದವಲ್ಲಿಯವರಿಗೆ ಎಲ್ಲವೂ ಕೇಳಿಸುತ್ತಿತ್ತು. ಅವರ ಅಕ್ಕ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಮೂರು ವಾರ ಯಂತ್ರದ ಮೇಲಿದ್ದವರು. ಕೊಳವೆ ಕಿತ್ತುಕೊಳ್ಳದಿರಲೆಂದು ಕೈಗಳನ್ನು ಬ್ಯಾಂಡೇಜು ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಗಾಜಿನ ಆಚೆಯಿಂದ ವೇದವಲ್ಲಿ ನೋಡಿದಾಗ ಅಕ್ಕನ ಕಣ್ಣು ತೆರೆದೇ ಇತ್ತು. ಆ ಕಣ್ಣು ಬಾಗಿಲ ಕಡೆಗೇ ತಿರುಗಿತ್ತು. ಅಕ್ಕ ಮನೆಗೆ ಬರಲಿಲ್ಲ.

ಈಗ ವೇದವಲ್ಲಿ ಬಲಗೈ ಎತ್ತಿದರು. ಏನೋ ಹೇಳಬೇಕಿತ್ತು. ಮಾಸ್ಕಿನೊಳಗೆ ಮಾತು ಮುಚ್ಚಿಹೋಯಿತು. ಮತ್ತೆ ಎತ್ತಿದರು.

"ಅಮ್ಮಾ, ಕೈ ಆಡಿಸಬೇಡಿ, ಸೂಜಿ ಇದೆ," ಎಂದು ನರ್ಸ್ ಕೈಯನ್ನು ಮೆಲ್ಲಗೆ ಕೆಳಗಿಟ್ಟರು.

"ಹೆದರ್ಕೊಂಡಿದಾಳೆ, ಪಾಪ," ಎಂದರು ಸಂಪತ್ಕುಮಾರ್.

ಮಾಸ್ಕಿನಿಂದಲೇ ಉಸಿರು ಹಿಡಿತಕ್ಕೆ ಬಂತು. ಕೊಳವೆ ಬೇಕಾಗಲಿಲ್ಲ. ವಾರದ ನಂತರ ಅವರು ಮನೆಗೆ ಬಂದರು.

ಬಂದ ಮೇಲೆ ಅವರು ಊಟ ಕಡಿಮೆ ಮಾಡಿದರು. ಕೆಮ್ಮು ಬಂದರೆ ಸೆರಗು ಬಾಯಿಗೊತ್ತಿ ಹಿತ್ತಿಲಿಗೆ ಹೋಗುತ್ತಿದ್ದರು. ಕೆಮ್ಮು ಕೇಳಿಸಿದರೆ ಮತ್ತೆ ಕರೆದುಕೊಂಡು ಹೋಗಿಬಿಡುತ್ತಾರೆ ಎಂಬ ಭಯ. ಇದನ್ನು ಮೊದಲು ಗಮನಿಸಿದ್ದು ವಿಭಾ. ಅವಳು ಪಕ್ಕದ ಬೀದಿಯ ರಮಾ ಅವರಿಗೆ ಹೇಳಿ ಕಳಿಸಿದಳು.

ರಮಾ ಗೆಂಡೆಹಳ್ಳಿಯವರು. ಸರ್ಕಾರಿ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ನರ್ಸ್ ಆಗಿದ್ದು ನಿವೃತ್ತರಾಗಿ ಹಳೇಬೀಡಿನಲ್ಲಿದ್ದಾರೆ. ವೇದವಲ್ಲಿಯವರಿಗೆ ಹಳೆಯ ಗೆಳತಿ. ಮಧ್ಯಾಹ್ನ ಕಾಫಿ ಹೊತ್ತಿಗೆ ಬಂದರು.

"ಏನು ವೇದಕ್ಕ, ಹಾಸನ ನೋಡ್ಕೊಂಡು ಬಂದ್ರಂತೆ?"

"ನೋಡಿದ್ದು ಒಂದು ಫ್ಯಾನು ಕಣೇ. ಅದೂ ತಿರುಗ್ತಿರಲಿಲ್ಲ."

ರಮಾ ನಕ್ಕರು. ವೇದವಲ್ಲಿ ನಗಲಿಲ್ಲ. ಲೋಟ ಕೆಳಗಿಟ್ಟು ಕೇಳಿದರು: "ರಮಾ, ನನಗೆ ಮಾತು ನಿಂತುಹೋದ ಮೇಲೆ ನನಗೇನು ಮಾಡ್ಬೇಕು ಅಂತ ಯಾರು ಹೇಳ್ತಾರೆ?"

ಪಡಸಾಲೆಯಲ್ಲಿ ಪಂಚಾಂಗ ನೋಡುತ್ತಿದ್ದ ಸಂಪತ್ಕುಮಾರ್ ತಲೆ ಎತ್ತಿದರು. "ಶುಕ್ರವಾರ ಆಡೋ ಮಾತಾ ಇದು? ಬಿಡ್ತು ಅನ್ನು."

ಆ ಮನೆಯಲ್ಲಿ ಸಾವಿನ ಮಾತು ಬಂದಾಗಲೆಲ್ಲ ಹೀಗೇ. ಆಡಿದ್ದಕ್ಕೆ ಮೇಲಿನಿಂದ ಅಸ್ತು ದೇವತೆಗಳು 'ಅಸ್ತು' ಎಂದುಬಿಟ್ಟಾರು. ಅಷ್ಟರೊಳಗೆ 'ಬಿಡ್ತು' ಎಂದು ಮಾತನ್ನು ಅಳಿಸಬೇಕು. ಕಾಯಿಲೆ ಗೊತ್ತಾದಾಗಿನಿಂದ ವೇದವಲ್ಲಿ ಮೂರು ನಾಲ್ಕು ಸಲ ಈ ವಿಷಯ ಎತ್ತಿದ್ದರು. ಪ್ರತಿ ಸಲವೂ ಗಂಡನ ಮಾತಿಗೆ ತಾವೇ ಬಿಡ್ತು ಅಂದು ಸುಮ್ಮನಾಗಿದ್ದರು.

"ಅನ್ನಲ್ಲ," ಎಂದರು ಈ ಸಲ.

ಸಂಪತ್ಕುಮಾರ್ ರಮಾ ಕಡೆ ತಿರುಗಿದರು. "ನೀವಾದ್ರೂ ಹೇಳಿ. ಓದಿದವರು."

"ಏನು ಹೇಳ್ಲಿ ಸಾರ್? ನಮ್ಮ ವಾರ್ಡಲ್ಲಿ ಮಲಗಿದ್ದವರ ಮನೆಗಳಲ್ಲೂ ಬಿಡ್ತು ಅಂದಿರ್ತಾರೆ. ಆದ್ರೂ ಬಂದು ಮಲಗಿದ್ರು."

ಕೋಣೆಯಲ್ಲಿದ್ದ ರಘುರಾಮ್ ಹೊರಗೆ ಬಂದ. ಅರಸೀಕೆರೆಯ ಕಚೇರಿಯೊಂದರಲ್ಲಿ ಗುಮಾಸ್ತನಾದ ಅವನು ಅಂದು ರಜೆಯಲ್ಲಿದ್ದ. ವಿಭಾ ಬಾಗಿಲಿಗೆ ಒರಗಿ ನಿಂತಳು.

"ವೇದಕ್ಕ ಕೇಳಿದ್ದಕ್ಕೆ ಉತ್ತರ ಇದೆ," ಎಂದರು ರಮಾ. "ಮುಂಗಡ ವೈದ್ಯಕೀಯ ಸೂಚನೆ ಅಂತ. ಲಿವಿಂಗ್ ವಿಲ್ ಅಂತಾನೂ ಅಂತಾರೆ. ಬುದ್ಧಿ ಸ್ಥಿಮಿತದಲ್ಲಿದ್ದಾಗ, ಹದಿನೆಂಟು ತುಂಬಿದ ಯಾರು ಬೇಕಾದ್ರೂ ಬರೆದಿಡಬಹುದು. ಕೊನೆಗಾಲದಲ್ಲಿ ನನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಯಾರು ಮಾತಾಡ್ಬೇಕು ಅಂತ. ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿದೆ. 2023ರಲ್ಲಿ ನಿಯಮ ಸುಲಭ ಮಾಡಿದೆ. ನಮ್ಮ ರಾಜ್ಯದ ಆರೋಗ್ಯ ಇಲಾಖೆನೂ 2025ರಲ್ಲಿ ಸುತ್ತೋಲೆ ಹೊರಡಿಸಿದೆ."

"ಅಂದ್ರೆ ಸಾಯಿಸಿ ಅಂತ ಬರೆದುಕೊಡೋದು," ಎಂದರು ಸಂಪತ್ಕುಮಾರ್.

"ಅಲ್ಲ ಸಾರ್. ಮದ್ದು ಕೊಟ್ಟು ಸಾಯಿಸೋದು ನಮ್ಮ ದೇಶದಲ್ಲಿ ಅಪರಾಧ. ಅದನ್ನ ಬರೆದ್ರೂ ನಡೆಯಲ್ಲ. ಇದು ಲೆಕ್ಕಕ್ಕೆ ಬರೋದು ಯಾವಾಗ ಅಂದ್ರೆ, ರೋಗಿಗೆ ತಾನೇ ತೀರ್ಮಾನ ಹೇಳೋ ಶಕ್ತಿ ಇಲ್ಲದಾಗ. ಜೊತೆಗೆ ವಾಸಿಯಾಗೋ ಭರವಸೆನೂ ಇಲ್ಲದಾಗ. ಅದನ್ನ ಒಬ್ಬ ಡಾಕ್ಟರು ಹೇಳಿದ್ರೆ ಸಾಲದು. ಮೂವರು ವೈದ್ಯರ ಮಂಡಳಿ ನೋಡಬೇಕು, ಆಮೇಲೆ ಇನ್ನೊಂದು ಮಂಡಳಿ ನೋಡಬೇಕು. ನೋವು ಕಡಿಮೆ ಮಾಡೋ ಔಷಧ, ಆರೈಕೆ, ಇದ್ಯಾವುದೂ ನಿಲ್ಲಲ್ಲ."

"ಆಂಟಿ, ನಾಳೆ ಏನಾದ್ರೂ ಆದ್ರೆ ನನ್ನ ಗತಿ?" ಎಂದ ರಘುರಾಮ್. "ತಾಯಿನ ಕೈಬಿಟ್ಟ ಅಂತಾರೆ ಬೀದಿ ಜನ. ಮಾವಂದ್ರು ಮುಖ ನೋಡ್ತಾರಾ?"

"ಅವತ್ತು ಡಾಕ್ಟರು ಕೇಳಿದಾಗ ನಿನಗೆ ಹೇಗಾಯ್ತಪ್ಪ?"

ರಘುರಾಮ್ ಅಮ್ಮನ ಕಡೆ ನೋಡಿದ. "ಏನೂ ತೋಚಲಿಲ್ಲ. ಹೂಂ ಅಂದ್ರೆ ದೊಡ್ಡಮ್ಮನ ಹಾಗಾಗುತ್ತೆ. ಬೇಡ ಅಂದ್ರೆ ನಾನೇ ಕೊಂದ ಹಾಗಾಗುತ್ತೆ. ಈಗ್ಲೂ ಫೋನ್ ರಿಂಗಾದ್ರೆ ಎದೆ ಹೊಡ್ಕೊಳುತ್ತೆ."

"ಆ ಭಾರ ನಿನ್ನ ತಲೆ ಮೇಲೆ ಬೀಳದ ಹಾಗೆ ಅಮ್ಮನೇ ಬರೆದಿಡೋದು. ನಮ್ಮತ್ತೆ ಮುದ್ದಮ್ಮ ಬರೆಸಿದ್ರು ಗೊತ್ತಾ? ಹೆಬ್ಬೆಟ್ಟು ಒತ್ತಿದ್ರು. ನಮ್ಮನೆಯವರು ಬೇಡ ಅಂತ ಕೂತಾಗ ಏನಂದ್ರು ಅಂತೀರಿ? 'ನನ್ ಎಮ್ಮೆ ಯಾವ್ ಸಂತೆಗೆ ಹೋಗ್ಬೇಕು ಅಂತ ನಾನೇ ಹೇಳ್ತಿದ್ದೆ ಕಣ್ಲಾ. ನನ್ನ ಎಲ್ಲಿಗೆ ಹೊತ್ಕಂಡ್ ಹೋಗ್ಬೇಕು ಅಂತ ನೀನ್ ಹೇಳ್ತೀಯಾ? ನಂಗೂ ಬಾಯಿ ಐತೆ.'"

ವಿಭಾ ನಕ್ಕುಬಿಟ್ಟಳು. ಮಾವನ ಮುಖ ನೋಡಿ ಸುಮ್ಮನಾದಳು.

ಸಂಪತ್ಕುಮಾರ್ ಪಂಚಾಂಗ ಮುಚ್ಚಿದರು. "ಇವಳ ಮನಸ್ಸು ನನಗೆ ಗೊತ್ತಿಲ್ವಾ? ನಲವತ್ತು ವರ್ಷ ಸಂಸಾರ ಮಾಡಿದೀನಿ. ಇವಳಿಗೆ ಮೆಷಿನ್ ಬೇಡ. ಅಕ್ಕನ್ನ ನೋಡಿ ಹೆದರಿದಾಳೆ. ನನ್ನ ಬಿಟ್ಟು ಹೋಗ್ಬೇಕು ಅಂತಿದಾಳೆ. ನಾನು ಹೇಗೆ ಒಪ್ಪಲಿ?"

ಎಲ್ಲರೂ ವೇದವಲ್ಲಿಯವರ ಕಡೆ ನೋಡಿದರು. ಅವರು ಉಸಿರು ಎಳೆದುಕೊಳ್ಳಲು ಎರಡು ಸಲ ನಿಲ್ಲಿಸಿ ಮಾತಾಡಿದರು.

"ಅವತ್ತು ನಾನು ಕೈ ಎತ್ತಿದ್ದು ಯಾಕೆ ಅಂದ್ಕೊಂಡ್ರಿ?"

"ಭಯಕ್ಕೆ. ಬೇಡ ಅನ್ನೋಕೆ."

"ಭಯ ಇತ್ತು. ಬೇಡ ಅನ್ನೋಕಲ್ಲ ಕಣ್ರೀ. ಕೊಳವೆ ಹಾಕೋದಾದ್ರೆ ಹಾಕಲಿ, ನಿಮ್ಮನ್ನ ಪಕ್ಕದಲ್ಲಿ ಬಿಡ್ತಾರಾ ಕೇಳಿ ಅನ್ನೋಕೆ. ಅಕ್ಕನ ಹತ್ರ ಒಬ್ಬರೂ ಇರಲಿಲ್ಲ. ಬಾಗಿಲು ನೋಡ್ತಾ ಹೋದಳು. ನಾನು ಕಣ್ಣು ಬಿಟ್ಕೊಂಡೇ ಮಲಗಿದೀನಿ, ನೀವು ಕಾಲ ಹತ್ರ ನಿಂತು ನಾನು ಆಗಲೇ ಇಲ್ಲವೇನೋ ಅನ್ನೋ ಹಾಗೆ ಮಾತಾಡ್ತಿದೀರಿ. ಹೂಂ ಅಂದ್ರಿ. ಇವನು ಬೇಡ ಅನ್ನೋಕೆ ಬಂದ. ನನ್ನನ್ನ ಯಾರೂ ಕೇಳಲಿಲ್ಲ."

ಸಂಪತ್ಕುಮಾರ್ ಎದ್ದು ನಿಂತರು. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮತ್ತೆ ಕೂತರು.

"ಹಾಗಾದ್ರೆ ನಿನಗೆ ಏನು ಬೇಕು?" ಎಂದು ಕೇಳಿದರು.

ವೇದವಲ್ಲಿ ಹೇಳಿದರು. ವಾಸಿಯಾಗುವ ಸೋಂಕು ಬಂದರೆ ಎಲ್ಲಾ ಚಿಕಿತ್ಸೆ ಬೇಕು. ಮಾಸ್ಕ್ ಬೇಕು, ಬೇಕಾದರೆ ಕೊಳವೆಯೂ ಹಾಕಲಿ. ಆದರೆ ಇನ್ನು ಮೇಲೇಳುವುದಿಲ್ಲ ಎಂದು ಮಂಡಳಿಗಳು ಹೇಳಿದ ಮೇಲೆ ಯಂತ್ರದ ಮೇಲೆ ವಾರಗಟ್ಟಲೆ ಇಡುವುದು ಬೇಡ. ಉಸಿರುಗಟ್ಟುವ ಹಿಂಸೆ ಆಗದಂತೆ ಔಷಧ ಕೊಡಲಿ. ಆಸ್ಪತ್ರೆಯವರು ಒಪ್ಪುವಷ್ಟು ಹೊತ್ತು ಮನೆಯವರೊಬ್ಬರು ಹತ್ತಿರ ಇರಲಿ.

"ನಿಮ್ಮ ಪರವಾಗಿ ಮಾತಾಡೋರು ಯಾರು ವೇದಕ್ಕ? ಇಬ್ಬರ ಹೆಸರೂ ಬರೀಬಹುದು," ಎಂದರು ರಮಾ.

"ವಿಭಾ. ಅವಳಾದ ಮೇಲೆ ರಘು."

"ನಾನೋ?" ಎಂದರು ಸಂಪತ್ಕುಮಾರ್.

"ನಿಮ್ಮ ಕೈಲಾಗಲ್ಲ. ಮೊಮ್ಮಗಳಿಗೆ ಲಸಿಕೆ ಹಾಕ್ಸೋವಾಗ ಆಚೆ ಹೋಗಿ ನಿಂತ್ಕೊಂಡೋರು ನೀವು. ವಿಭಾ ಅಳ್ತಾಳೆ. ಆದ್ರೆ ಅಳ್ತಾ ಅಳ್ತಾನೇ ಹೇಳಿದ್ದು ಮಾಡ್ತಾಳೆ."

ವಿಭಾ ಆಗಲೇ ಅಳುತ್ತಿದ್ದಳು. "ಅತ್ತೆ, ನನಗೂ ಭಯ ಆಗುತ್ತೆ," ಎಂದಳು.

"ಗೊತ್ತಮ್ಮ. ನಿನ್ನ ಭಯಕ್ಕೆ ನನ್ನ ಮಾತು ಜೊತೆಗಿರುತ್ತೆ."

ಸಂಪತ್ಕುಮಾರ್ ಕೊನೆಯ ಅನುಮಾನ ಕೇಳಿದರು. "ಬರೆದ ಮೇಲೆ ಮನಸ್ಸು ಬದಲಾದ್ರೆ?"

"ಬದಲಾಯಿಸಬಹುದು, ರದ್ದೂ ಮಾಡಬಹುದು, ಯಾವಾಗ ಬೇಕಾದ್ರೂ. ಅದನ್ನೂ ಬರವಣಿಗೆಯಲ್ಲೇ ಮಾಡ್ಬೇಕು," ಎಂದರು ರಮಾ. "ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕ್ಬೇಕು. ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿ ದೃಢೀಕರಿಸಬೇಕು. ಒಂದು ಪ್ರತಿ ಹೆಸರಿಸಿದವರಿಗೆ, ಒಂದು ನಿಮ್ಮ ಡಾಕ್ಟರಿಗೆ, ಒಂದು ಸ್ಥಳೀಯ ಸಂಸ್ಥೆಯ ನಿಗದಿತ ಅಧಿಕಾರಿಗೆ. ನಮ್ಮೂರಿಗೆ ಆ ಅಧಿಕಾರಿ ಯಾರು ಅಂತ ನನಗೂ ಗೊತ್ತಿಲ್ಲ. ವಿಚಾರಿಸ್ತೀನಿ."

ಮುಂದಿನ ವಾರ ಎಲ್ಲರೂ ಬೇಲೂರಿಗೆ ಹೋದರು. ಸಾಕ್ಷಿಗಳಾಗಿ ರಮಾ ಮತ್ತು ಎದುರು ಮನೆಯ ಚನ್ನಪ್ಪ ಬಂದಿದ್ದರು. "ಯಾರ ಒತ್ತಾಯಾನೂ ಇಲ್ಲ ತಾನೇ ಅಮ್ಮಾ?" ಎಂದು ನೋಟರಿ ಕೇಳಿದರು.

"ಒತ್ತಾಯ ಇದ್ದದ್ದು ಬರೀಬೇಡ ಅಂತ," ಎಂದರು ವೇದವಲ್ಲಿ.

ಸಹಿ ಹಾಕುವಾಗ ಹಾಳೆ ಸರಿಯಿತು. ಸಂಪತ್ಕುಮಾರ್ ಹಾಳೆಯ ಮೂಲೆಯನ್ನು ಒತ್ತಿ ಹಿಡಿದರು.

ಓದುಗರೇ, ಕೇಳುಗರೇ, ಈ ಮಾತು ಯಾರಿಗೂ ಹಿತವಲ್ಲ. ಆಡಿದವರಿಗೂ ಭಯ, ಕೇಳಿದವರಿಗೂ ಭಯ. ಆದರೆ ಆಡದೆ ಉಳಿದರೆ ಒಂದು ದಿನ ನಿಮ್ಮ ಮಂಚದ ಕಾಲಬದಿಯಲ್ಲಿ ನಿಂತು, ನಿಮ್ಮನ್ನು ತುಂಬ ಪ್ರೀತಿಸುವವರು ಊಹೆಯ ಮೇಲೆ ತೀರ್ಮಾನ ಮಾಡಬೇಕಾಗುತ್ತದೆ. ಊಹೆ ತಪ್ಪಬಹುದು. ಈ ವಾರ ಮನೆಯಲ್ಲಿ ಒಂದು ಸಲ ಕೂತು ಮಾತಾಡಿ. ಹಿರಿಯರ ಪರವಾಗಿ ಹೇಳುವ ಮೊದಲು ಹಿರಿಯರನ್ನೇ ಕೇಳಿ. ನಿಮಗೆ ಏನು ಬೇಕು ಎಂದು ನೀವೂ ಹೇಳಿ. ನಿಮ್ಮ ವೈದ್ಯರನ್ನು ವಿಚಾರಿಸಿ, ಬರೆದಿಡಿ. ಬರೆಯಲೇಬೇಕೆಂಬ ಕಡ್ಡಾಯವಿಲ್ಲ, ಬರೆಯಿರಿ ಎಂದು ಯಾರೂ ನಿಮ್ಮನ್ನು ಒತ್ತಾಯಿಸುವಂತೆಯೂ ಇಲ್ಲ. ಬರೆದಿದ್ದರೂ ಬರೆಯದಿದ್ದರೂ, ಉಸಿರು ಕಟ್ಟಿದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಈ ಬರಹ ಚಿಕಿತ್ಸೆಯನ್ನು ತಡೆಯುವುದಿಲ್ಲ.

ಮಳೆ ಶುರುವಾದ ಮೇಲೆ ವೇದವಲ್ಲಿಯವರಿಗೆ ಎದೆಯ ಸೋಂಕಾಗಿ ಮತ್ತೆ ಹಾಸನಕ್ಕೆ ಕರೆದೊಯ್ಯಬೇಕಾಯಿತು. ವಿಭಾ ಪ್ರತಿಯನ್ನು ವೈದ್ಯರ ಕೈಗೆ ಕೊಟ್ಟಳು. ವೈದ್ಯರು ಓದಿ, ಮಂಚದ ತಲೆಬದಿಗೆ ಬಂದು ವೇದವಲ್ಲಿಯವರೊಂದಿಗೆ ಮಾತಾಡಿದರು. ವೇದವಲ್ಲಿ ಹೂಂ ಎಂದು ತಲೆ ಆಡಿಸಿದ ಮೇಲೆ ಕೊಳವೆ ಹಾಕಿದರು. ಸೋಂಕು ಇಳಿದು ಉಸಿರು ಸುಧಾರಿಸಿದ್ದರಿಂದ ನಾಲ್ಕನೆಯ ದಿನ ಅದನ್ನು ತೆಗೆದರು. ಭೇಟಿಗೆ ಬಿಟ್ಟ ಹೊತ್ತಿನಲ್ಲೆಲ್ಲ ಸಂಪತ್ಕುಮಾರ್ ಒಳಗೆ, ಅವರ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು.