ಮ್ವಾಂಜಾದಲ್ಲಿ ವಾರಿಜಾಳ ಗದರಿಕೆ

ಗಂಡನನ್ನು ಗದರುವುದು ವಾರಿಜಾಳಿಗೆ ಹೊಸದೇನಲ್ಲ. ಆದರೆ ಆ ಗದರಿಕೆ ಸಮುದ್ರ ದಾಟಿ ಟಾಂಜಾನಿಯಾದ ಮೀನುಗಾರರ ಕಿವಿಗೆ ಬೀಳುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಮೈಸೂರಿನ ವಾರಿಜಾ ಕೌಲಾಲಂಪುರದ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿದ್ದಳು. ಪುಚೊಂಗ್‌ನ ಕಾಂಡೋದಲ್ಲಿ ಗಂಡ ನಂಜುಂಡಪ್ಪ, ಮಗಳು ಅನನ್ಯ. ಲಾಕ್‌ಡೌನ್ ಬಂದು ಮೂವರೂ ಒಂದೊಂದು ಕೋಣೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತ ಮೇಲೆ, ಉಳಿದ ಹೊತ್ತನ್ನು ಅವಳು ಪೆಟಾಲಿಂಗ್ ಜಯಾದ ‘ಜಾಂತುಂಗ್ ರಿಯಾಂಗ್’ ಎಂಬ ಪುಟ್ಟ ಸೇವಾಸಂಸ್ಥೆಗೆ ಕೊಟ್ಟಳು. ಮಲಯ ಭಾಷೆಯಲ್ಲಿ ಹಾಗೆಂದರೆ ನಲಿಯುವ ಹೃದಯ. ಮಂಗಳೂರು ಕಡೆಯ ಹೆನ್ರಿ ಪಿಂಟೋ ಅದರ ಕಾರ್ಯದರ್ಶಿ. ವಿಕ್ಟೋರಿಯಾ ಸರೋವರದ ದಂಡೆಯ ಮ್ವಾಂಜಾ ಊರಿನಲ್ಲಿ ನೀಮಾ ಎಂಬ ನರ್ಸ್ ನಡೆಸುತ್ತಿದ್ದ ಅಂಥದ್ದೇ ಸಂಸ್ಥೆಯೊಡನೆ ಇವರು ಕೈಜೋಡಿಸಿದ್ದರು. ಅಲ್ಲಿ ಬಿ.ಪಿ. ಏರಿದ್ದೇ ಗೊತ್ತಿಲ್ಲದೆ ಗಟ್ಟಿಮುಟ್ಟಾದ ಗಂಡಸರು ದೋಣಿಯಲ್ಲೇ ಕುಸಿಯುತ್ತಿದ್ದರು. ಬಿ.ಪಿ. ಮಷೀನುಗಳನ್ನು ಇವರು ಕಳಿಸಬೇಕು, ಮನೆಮನೆಗೆ ಹೋಗಿ ಪರೀಕ್ಷಿಸುವ ಕಾರ್ಯಕರ್ತೆಯರನ್ನು ಅವರು ತಯಾರು ಮಾಡಬೇಕು. ಅಕ್ಷರ ಬಾರದವರಿಗೂ ತಿಳಿಯುವಂತೆ ಮಷೀನು ಬಾಯಿಬಿಟ್ಟು ಹೇಳಬೇಕು, ಅದೂ ಸ್ವಾಹಿಲಿಯಲ್ಲಿ.

ಮಾತು ಜೋಡಿಸುವ ಹೊಣೆ ವಾರಿಜಾಳದು. ನೀಮಾ ಸ್ವಾಹಿಲಿಯಲ್ಲಿ ರೆಕಾರ್ಡ್ ಮಾಡಿ ಕಳಿಸುವ ಧ್ವನಿ ಬರುವ ಮೊದಲು ಎಲ್ಲ ಸರಿಯಾಗಿ ನಡೆಯುತ್ತದೋ ನೋಡೋಣವೆಂದು ಅವಳು ಒಂದು ಮಷೀನನ್ನು ಮನೆಗೆ ತರಿಸಿಕೊಂಡು ನಂಜುಂಡಪ್ಪನ ತೋಳಿಗೆ ಪಟ್ಟಿ ಸುತ್ತಿದಳು. ಪಟ್ಟಿ ಬಿಗಿಯತೊಡಗಿದ್ದೇ ತಡ, ಅವನ ಬಾಯಿ ಸಡಿಲವಾಯಿತು. ಆಫೀಸಿನ ಸುದ್ದಿ, ಕ್ರಿಕೆಟ್ಟು, ಕೆಳಗಿನ ಮಾಮಕ್ ಅಂಗಡಿಯಲ್ಲಿ ಕೂತು ಟೀ ಕುಡಿಯುವ ಭಾಗ್ಯ ಮತ್ತೆ ಯಾವಾಗ ಬರುತ್ತದೋ ಎಂಬ ಕೊರಗು. ಮಾತಾಡಿದರೆ ಅಳತೆ ತಪ್ಪುತ್ತದೆ. ರೇಗಿಹೋದ ವಾರಿಜಾ ಮೈಕ್ ಎತ್ತಿಕೊಂಡು ಅದೇ ಬಿಸಿಯಲ್ಲಿ ಮೂರು ಮಾತು ರೆಕಾರ್ಡ್ ಮಾಡಿಬಿಟ್ಟಳು.

ಶುರುವಿಗೆ: “ರೀ, ಬಾಯ್ ಮುಚ್ಕೊಂಡ್ ಕೂತ್ಕೊಳ್ರೀ!”

ಬಿ.ಪಿ. ಸರಿಯಿದ್ದರೆ: “ಹೂಂ, ಚೆನ್ನಾಗೇ ಇದೀರಾ. ಎದ್ದೇಳಿ, ಹೋಗಿ ಪಾತ್ರೆ ತೊಳೀರಿ.”

ಹೆಚ್ಚಾಗಿದ್ದರೆ: “ನೋಡಿದ್ರಾ? ಉಪ್ಪಿನಕಾಯಿ ಕಮ್ಮಿ ಮಾಡಿ ಅಂತ ಬಡ್ಕೊಂಡೆ. ನಡೀರಿ ಡಾಕ್ಟರ್ ಹತ್ರ!”

ಮನೆಯಲ್ಲಿ ನಕ್ಕಿದ್ದೇ ನಕ್ಕಿದ್ದು. ಆಮೇಲೆ ನೀಮಾಳ ಸೌಮ್ಯವಾದ ಧ್ವನಿಯೂ ಬಂತು. ಆದರೆ ಅದನ್ನು ಮಷೀನಿನ ಕಾರ್ಖಾನೆಗೆ ಕಳಿಸುವ ದಿನ ವಾರಿಜಾ ಅವಸರದಲ್ಲಿ ಪಕ್ಕದ ಫೋಲ್ಡರ್ ಒತ್ತಿದಳು. ಕಾರ್ಖಾನೆಯಲ್ಲಿ ಸ್ವಾಹಿಲಿ ಬಲ್ಲವರು ಯಾರೂ ಇರಲಿಲ್ಲ. ಧ್ವನಿ ಕೇಳಿದವರು ಆಫ್ರಿಕಾದ ಭಾಷೆ ಹೀಗೇ ಇರಬೇಕೆಂದುಕೊಂಡರು. ಲಾಕ್‌ಡೌನಿನಿಂದಾಗಿ ವಾರಿಜಾಳೂ ಅಲ್ಲಿಗೆ ಹೋಗುವಂತಿರಲಿಲ್ಲ. ಮಷೀನುಗಳು ಕ್ಲಾಂಗ್ ಬಂದರಿನಲ್ಲಿ ಹಡಗು ಹತ್ತಿ ಹೊರಟವು.

ತಿಂಗಳುಗಳ ನಂತರ ಒಂದು ಮಧ್ಯಾಹ್ನ ನೀಮಾಳ ವಿಡಿಯೋ ಕರೆ ಬಂತು.

“ವಾರಿಜಾ, ನಿಮ್ಮ ಮಷೀನು ಮಾತಾಡೋ ಸ್ವಾಹಿಲಿ ಯಾವ ಊರಿಂದು?” ಎಂದು ಇಂಗ್ಲಿಷಿನಲ್ಲಿ ಕೇಳುತ್ತ ನೀಮಾ ಗುಂಡಿ ಒತ್ತಿದಳು.

“ರೀ, ಬಾಯ್ ಮುಚ್ಕೊಂಡ್ ಕೂತ್ಕೊಳ್ರೀ!”

ಪಕ್ಕದಲ್ಲಿ ಕಾಫಿ ಹೀರುತ್ತಿದ್ದ ನಂಜುಂಡಪ್ಪನ ಮೂಗಿಗೆ ಕಾಫಿ ಏರಿತು. ಅನನ್ಯ ಕೋಣೆಯಿಂದ ಓಡಿ ಬಂದಳು. “ಅಮ್ಮಾ, ಇಟ್ಸ್ ಯೂ, ಲಾ!” ಎಂದು ಮಲೇಷ್ಯಾದ ಧಾಟಿಯ ಇಂಗ್ಲಿಷಿನಲ್ಲಿ ಕೂಗುತ್ತಾ ಸೋಫಾ ಮೇಲೆ ಬಿದ್ದು ಹೊರಳಾಡಿದಳು.

ನೀಮಾಳಿಗೆ ಏನೆಂದಳೋ ವಾರಿಜಾಳಿಗೇ ನೆನಪಿಲ್ಲ. ಕರೆ ಮುಗಿಸಿ ಕೂಡಲೇ ಹೆನ್ರಿಯವರಿಗೆ ಫೋನ್ ಮಾಡಿ ಆದದ್ದನ್ನು ಹೇಳಿದಳು.

“ಎಂತ ಮಾಡಿದ್ದು ಮಾರಾಯ್ತಿ?” ಎಂದರು ಅವರು. “ಅಷ್ಟೂ ಮಷೀನು ಕನ್ನಡ ಮಾತಾಡ್ತದಾ?”

“ಹೂಂ ಸರ್. ಕನ್ನಡದಲ್ಲಿ ಬಯ್ತವೆ.”

“ಯೇಸುವೇ!”

ಅವಳಿಗೆ ಊಟ ಸೇರಲಿಲ್ಲ. ಅಷ್ಟು ದೂರದ ಜನ ನಂಬಿ ಕೈಜೋಡಿಸಿದ್ದರು, ತಾನು ಅವರ ಮಾನ ಕಳೆದೆ ಎಂದು ಕಣ್ಣು ತುಂಬಿಕೊಂಡಳು. ಇನ್ನು ಮುಂದೆ ಸಂಸ್ಥೆಯಲ್ಲಿ ಮುಖ ತೋರಿಸುವುದಿಲ್ಲವೆಂದು ನಿಶ್ಚಯಿಸಿ, ಅದನ್ನು ಹೆನ್ರಿಯವರಿಗೆ ಹೇಳಿ, ಮರುದಿನ ಅವರನ್ನೂ ಸೇರಿಸಿಕೊಂಡು ನೀಮಾಳಿಗೆ ತಾನೇ ಕರೆ ಮಾಡಿದಳು. ಸಂಸ್ಥೆ ಬಿಡುವ ಮಾತು ಎತ್ತುವ ಮೊದಲೇ ನೀಮಾ ತಡೆದಳು.

“ಅಳ್ತಾ ಇದೀರಾ? ಯಾಕೆ? ಇಲ್ಲಿ ಏನಾಗ್ತಿದೆ ಗೊತ್ತಾ ನಿಮಗೆ?”

ಆಗುತ್ತಿದ್ದದ್ದು ಇದು. ಮ್ವಾಂಜಾದ ಗಂಡಸರು ತಪಾಸಣೆ ಎಂದರೆ ಮಾರು ದೂರ ಓಡುತ್ತಿದ್ದರು. ನನಗೇನಾಗಿದೆ, ಕಲ್ಲಿನ ಹಾಗಿದ್ದೇನೆ ಎನ್ನುವವರೇ ಎಲ್ಲ. ದೋಣಿ ರಿಪೇರಿಯ ಮುದುಕನೊಬ್ಬ ಹೇಗೋ ಬಂದು ಕೂತ. ಮಷೀನು ಗದರಿದ್ದೇ ಎದ್ದುನಿಂತು ಟೋಪಿ ತೆಗೆದ. ಪೆಟ್ಟಿಗೆಯೊಳಗೆ ಯಾರದೋ ಅತ್ತೆ ಕೂತಿದ್ದಾಳೆ ಎಂದು ಸಂತೆಯಲ್ಲೆಲ್ಲ ಹೇಳಿಕೊಂಡು ಬಂದ. ಸಂಜೆಯ ಹೊತ್ತಿಗೆ ಅವನ ಗೆಳೆಯರು ಬಂದರು, ಆಮೇಲೆ ಗೆಳೆಯರ ಗೆಳೆಯರು. ಮಾಸ್ಕ್ ಹಾಕಿಕೊಂಡು, ದೂರ ದೂರ ನಿಂತು, ಬೈಸಿಕೊಳ್ಳಲು ಸರದಿ ಕಾಯುತ್ತಿದ್ದರು. ಅಂಕಿಗಳನ್ನು ಕಾರ್ಯಕರ್ತೆಯರೇ ಓದಿ ತಿಳಿಸುತ್ತಿದ್ದರು. ತಮಗೆ ಕಾಯಿಲೆಯಿದೆ ಎಂಬ ಅರಿವೇ ಇಲ್ಲದ ಎಷ್ಟೋ ಮಂದಿಗೆ ಆಗಲೇ ಮಾತ್ರೆ ಶುರುವಾಗಿತ್ತು.

“ಆದರೆ ಪೆಟ್ಟಿಗೆಯವಳು ಹೇಳೋದೇನು ಅಂತ ದಿನಾ ಜಗಳ,” ಎಂದಳು ನೀಮಾ. “ಸ್ವಲ್ಪ ಅರ್ಥ ಹೇಳಿ.”

ವಾರಿಜಾ ನಾಚುತ್ತಲೇ ಒಂದೊಂದಾಗಿ ಬಿಡಿಸಿ ಹೇಳಿದಳು. ಪಾತ್ರೆ ತೊಳೆಯುವ ಮಾತಿಗೆ ಬಂದಾಗ ನೀಮಾ ಕಿಟಾರನೆ ಕಿರುಚಿ ಕ್ಯಾಮೆರಾದಿಂದ ಮಾಯವಾದಳು. ಹೊರಗೆ ಹೆಂಗಸರ ಕೇಕೆ ಕೇಳಿಸಿತು. ಪೆಟ್ಟಿಗೆಯ ‘ಮಾಮಾ’ಳ, ಅಂದರೆ ಸ್ವಾಹಿಲಿಯಲ್ಲಿ ಅಮ್ಮನ, ಅಪ್ಪಣೆಯಾಗಿದೆ, ಆರೋಗ್ಯವಂತ ಗಂಡಸರೆಲ್ಲ ಇವತ್ತು ಪಾತ್ರೆ ತೊಳೆಯಬೇಕು ಎಂದು ದಂಡೆಯುದ್ದಕ್ಕೂ ಸುದ್ದಿ ಹಬ್ಬಿತು.

ಹೆನ್ರಿಯವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ನೀನು ಇನ್ನು ಬಿಟ್ಟು ಹೋದ್ರೆ ನಾನು ಸುಮ್ಮನಿರುದಿಲ್ಲ ಆಯ್ತಾ?”

ಮುಂದಿನ ಭಾನುವಾರ ಮ್ವಾಂಜಾದ ತಪಾಸಣಾ ಶಿಬಿರದಲ್ಲಿ ದೊಡ್ಡ ಪರದೆ ಕಟ್ಟಿ ವಾರಿಜಾಳನ್ನು ವಿಡಿಯೋದಲ್ಲಿ ಕರೆದರು. ಅವಳು ಮೈಸೂರು ರೇಷ್ಮೆ ಸೀರೆಯುಟ್ಟು ಕೂತಳು. ಅವಳ ಲ್ಯಾಪ್‌ಟಾಪಿನಲ್ಲಿ ನೀಲಿ ಸರೋವರ, ಬಣ್ಣದ ದೋಣಿಗಳು, ಕೈಬೀಸುವ ಜನ.

“ಮಾಮಾ ವಾರಿಜಾ! ಮಾಮಾ ವಾರಿಜಾ!”

ಗದರಬೇಕಂತೆ, ಎದುರೆದುರೇ. ಯಾರನ್ನೆಂದು ಗದರುವುದು? ಕೊನೆಗೆ ಬಾಗಿಲ ಮರೆಯಲ್ಲಿ ನಿಂತು ಕಿಸಕಿಸ ನಗುತ್ತಿದ್ದ ನಂಜುಂಡಪ್ಪನನ್ನು ತೋಳು ಹಿಡಿದು ಎಳೆದು ತಂದು ಕೂರಿಸಿ, ಮನೆಯಲ್ಲೇ ಉಳಿದಿದ್ದ ಮಷೀನಿನ ಪಟ್ಟಿ ಸುತ್ತಿದಳು. ಬೈಸಿಕೊಂಡ ಮೂಲ ಗಂಡ ಈತನೇ ಎಂದು ನೀಮಾ ಸಾರಿದ್ದೇ, ಜನ ಆತನಿಗೆ ಚಪ್ಪಾಳೆ ತಟ್ಟಿದರು. ನಂಜುಂಡಪ್ಪ ಹಿಗ್ಗಿ ನಮಸ್ಕಾರ ಮಾಡಿ, “ಹಲೋ ಮ್ವಾಂಜಾ, ನಾನು…” ಎಂದು ಶುರುಮಾಡಿದ.

“ರೀ, ಬಾಯ್ ಮುಚ್ಕೊಂಡ್ ಕೂತ್ಕೊಳ್ರೀ!” ಎಂದರು ವಾರಿಜಾ, ಮಷೀನು ಮತ್ತು ಆ ದಂಡೆಯ ನೂರಾರು ಜನ, ಒಟ್ಟಿಗೇ.

ಅವನು ಗಪ್‌ಚಿಪ್ಪಾದ. ಪಟ್ಟಿ ಬಿಗಿದು ಸಡಿಲವಾಯಿತು. ಕೆಂಪು ದೀಪ ಹತ್ತಿತು.

“ನೋಡಿದ್ರಾ?” ಎಂದಿತು ಮಷೀನು.

ವಾರಿಜಾಳ ನಗು ನಿಂತಿತು. ಮತ್ತೊಮ್ಮೆ ಅಳೆದರೂ ಕೆಂಪೇ. ಅತ್ತ ನೀಮಾ ನರ್ಸಿನ ಧ್ವನಿಗೆ ಬದಲಾಗಿ, “ನಾಳೆಯೇ ಡಾಕ್ಟರಿಗೆ ತೋರಿಸಿ, ಹೆದರಬೇಡಿ, ಸಮಯಕ್ಕೆ ಗೊತ್ತಾಯ್ತು,” ಎಂದಳು. ಮುಂದಿನ ಸಾಲಿನಲ್ಲಿದ್ದ ದೋಣಿಯ ಮುದುಕ ಜೇಬಿನಿಂದ ತನ್ನ ಮಾತ್ರೆಯ ಸ್ಟ್ರಿಪ್ ತೆಗೆದು ಎತ್ತಿ ಹಿಡಿದು, ನಂಜುಂಡಪ್ಪನಿಗೆ ಏನೋ ಕೂಗಿದ. ನೀಮಾ ಅನುವಾದಿಸಿದಳು: “ಸಂಘಕ್ಕೆ ಸ್ವಾಗತ, ತಮ್ಮಾ!”

ನಂಜುಂಡಪ್ಪ ಮರುದಿನವೇ ಡಾಕ್ಟರಿಗೆ ತೋರಿಸಿದ. ಅವನಿಗೂ ಮಾತ್ರೆ ಬಂತು. ಕೆಲವೇ ವಾರಗಳಲ್ಲಿ ಬಿ.ಪಿ. ಹತೋಟಿಗೆ ಸಿಕ್ಕಿತು.

ಅತ್ತ ಮ್ವಾಂಜಾದ ಮಷೀನುಗಳಿಗೆ ಸ್ವಾಹಿಲಿ ತುಂಬಿಸಲೇಬೇಕಿತ್ತು. ಆದರೆ ನೀಮಾಳ ಸೌಮ್ಯ ಧ್ವನಿ ಈಗ ಯಾರಿಗೂ ಬೇಡ. ಹಾಗಾಗಿ ಬೈಗುಳದ ಸ್ಪರ್ಧೆ ಇಟ್ಟರು. ಮೀನುಗಾರರ ಹೆಂಡಂದಿರು ಸೊಂಟಕ್ಕೆ ಕೈಯಿಟ್ಟು, ಒಣಮೀನಿನ ಉಪ್ಪು ಕಮ್ಮಿ ಮಾಡಿ ಎಂದು ಸರದಿಯಲ್ಲಿ ಕ್ಯಾಮೆರಾದ ಮುಂದೆ ಗುಡುಗಿದರು. ತೀರ್ಪು ಹೇಳುವವಳು ಸ್ವಾಹಿಲಿಯ ಒಂದಕ್ಷರವೂ ಬಾರದ ವಾರಿಜಾ. ಯಾರೂ ಅವಳಿಗೆ ಹಿಡಿಸಲಿಲ್ಲ.

ಕೊನೆಗೆ ರೆಹೆಮಾ ಎಂಬ ಸಣಕಲು ಹೆಂಗಸೊಬ್ಬಳು ಬಂದು ನಿಂತಳು. ಕೂಗಲಿಲ್ಲ. ತಗ್ಗಿದ ಧ್ವನಿಯಲ್ಲಿ, ಒಂದೊಂದೇ ಪದವನ್ನು ಜಗಿದು ಜಗಿದು ಹೇಳಿದಳು. ಪುಚೊಂಗ್‌ನ ಕೋಣೆಯಲ್ಲಿ ನಂಜುಂಡಪ್ಪ ತನಗರಿವಿಲ್ಲದೆ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಮಂಡಿಯ ಮೇಲಿಟ್ಟು ಕೂತ.

“ಇವಳೇ!” ಎಂದು ವಾರಿಜಾ ಕುರ್ಚಿಯಿಂದ ಜಿಗಿದೆದ್ದಳು. “ನೀಮಾ, ಇವಳೇ! ಇವಳನ್ನ ಬಿಡಬೇಡಿ!”