ರನ್‌ವೇ ಮೇಲೆ ಹುರುಳಿ

ಯುದ್ಧದ ವಿಮಾನಗಳಿಗೆಂದು ಸರ್ಕಾರ ಅನುಗೊಂಡನಹಳ್ಳಿಯ ಆಚೆ ರನ್‌ವೇ ಹಾಕಿಸಿದಾಗ, ಸುತ್ತಲ ರೈತರ ಕಣ್ಣು ಬಿದ್ದದ್ದು ವಿಮಾನದ ಮೇಲಲ್ಲ, ನೆಲದ ಮೇಲೆ. ಎಂಥ ನೆಲ ಅದು! ಸಗಣಿ ಸಾರಿಸಬೇಕಿಲ್ಲ, ಗುಂಡುಕಲ್ಲು ಎಳೆಯಬೇಕಿಲ್ಲ, ಕಾಳಿಗೆ ಒಂದು ಕಲ್ಲು ಸೇರುವುದಿಲ್ಲ. ಇಂಥ ಕಣವನ್ನು ಖಾಲಿ ಬಿಟ್ಟಿದ್ದಾರಲ್ಲ ಎಂದು ಅಮ್ಮಯಮ್ಮನಿಗೆ ಹೊಟ್ಟೆ ಉರಿಯಿತು. ಅವಳ ಅರ್ಧ ಹೊಲ ಅದರಡಿಗೇ ಹೋಗಿತ್ತು.

ಹೋಗಿ ಅಬ್ದುಲ್ ಖಾದರನನ್ನು ಹಿಡಿದಳು. ರನ್‌ವೇ ಪಕ್ಕ ನಿಂತು ಬಾವುಟ ತೋರಿಸುವುದು ಖಾದರನ ಕೆಲಸ. ಹಸಿರಾದರೆ ವಿಮಾನ ಹೊರಡಬಹುದು. ಕೆಂಪಾದರೆ ಎಂಥ ದೊರೆಯೂ ಅಲ್ಲಾಡುವಂತಿಲ್ಲ.

"ನನ್ನ ಹೊಲದ ಮ್ಯಾಲೇ ಹಾಕವ್ರೆ ಕಣಪ್ಪಾ. ಆ ತುದೀಲಿ ಒಸಿ ಹುರುಳಿ ಬಡ್ಕೊಂಡ್ರೆ ನಿನ್ನ ಗಂಟೇನು ಹೋಗ್ತದೆ?"

ಖಾದರ್ ಯೋಚಿಸಿದ. ಸುಗ್ಗಿಯ ಕಾಲಕ್ಕೆ ಗಾಳಿ ಮೂಡಲಿಂದ ಬೀಸುತ್ತದೆ. ವಿಮಾನಗಳು ಗಾಳಿಗೆ ಎದುರಾಗಿ ಪಡುವಲಿಂದ ಇಳಿದು ನಡುವಿನಲ್ಲೇ ನಿಲ್ಲುತ್ತಿದ್ದವು. ಮೂಡಲ ತುದಿಗೆ ಚಕ್ರವೇ ಬರುತ್ತಿರಲಿಲ್ಲ. ಅಲ್ಲದೆ ಅವನ ಹೆಂಡತಿಯ ಹೆರಿಗೆ ಮಾಡಿಸಿದವಳು ಇವಳೇ. "ಬೇಗ ಮುಗಿಸ್ಬಿಡಕ್ಕ" ಎಂದುಬಿಟ್ಟ.

ಅಮ್ಮಯಮ್ಮ ಸೊಸೆಯರನ್ನು ಕಟ್ಟಿಕೊಂಡು ಹುರುಳಿ ಬಡಿಯುತ್ತಿದ್ದ ದಿನವೇ ಗ್ರಹಚಾರ ಕೆಟ್ಟಿತು. ಬೆಳಗಿನಿಂದ ವಿಮಾನಗಳು ಒಂದರ ಹಿಂದೊಂದು ಸಾಮಾನು ಸಾಗಿಸುತ್ತಿದ್ದವು. ಅವುಗಳಲ್ಲೊಂದು ಮೂಡಲಿಂದ, ನೇರ ಹುರುಳಿಯ ಕಡೆಗೇ ಇಳಿಯತೊಡಗಿತು. ಖಾದರ್ ಕೆಂಪು ಬಾವುಟ ಬೀಸುತ್ತಾ ಎದ್ದೆನೋ ಬಿದ್ದೆನೋ ಎಂದು ಓಡಿದ. ಹೆಂಗಸರು ಕೋಲು ಬಿಸಾಡಿ ಪಕ್ಕದ ಹೊಲಕ್ಕೆ ಹಾರಿಕೊಂಡರು. ಇನ್ನೇನು ಚಕ್ರ ತಾಗಬೇಕು, ಅಷ್ಟರಲ್ಲಿ ವಿಮಾನ ಅಬ್ಬರಿಸಿ ಮೇಲೆದ್ದಿತು. ಸುತ್ತು ಹಾಕಿ, ಸರಿಯಾದ ಕಡೆಯಿಂದ ಇಳಿದು ನಿಂತಿತು.

ಇಳಿದು ಬಂದವನು ಪಂಜಾಬಿನ ಹುಡುಗುಮುಖದ ಪೈಲಟ್. ನಿಲ್ಲಲಾಗದೆ ವಿಮಾನದ ರೆಕ್ಕೆ ಹಿಡಿದುಕೊಂಡ. ಅಷ್ಟರಲ್ಲಿ ವಿಮಾನ ಠಾಣ್ಯದ ಸಾಹೇಬ ಜೀಪಿನಲ್ಲಿ ಧಾವಿಸಿ ಬಂದ.

"ರನ್‌ವೇ ಮೇಲೆ ಕಾಳು ಹರಡಿದ್ದು ಯಾರು?" ಎಂದು ಹಿಂದೂಸ್ತಾನಿಯಲ್ಲಿ ಗದರಿದ.

ಕೆಲಸ ಹೋದರೆ ಹೊಸಕೋಟೆಯಲ್ಲಿರುವ ಖಾದರನ ಮನೆಯ ಒಲೆ ಉರಿಯುವುದಿಲ್ಲ. ಹೆಂಗಸರು ಹೇಳದೆ ಕೇಳದೆ ನುಗ್ಗಿದರು ಎಂದರೆ ತಾನು ಪಾರು. ಮಾತು ನಾಲಿಗೆಯ ತುದಿಗೂ ಬಂದಿತ್ತು.

ಅಷ್ಟರಲ್ಲಿ ಪೈಲಟ್ಟೇ ಹೇಳಿದ: "ಕಾಳಿನದೇನೂ ತಪ್ಪಿಲ್ಲ ಸಾಹೇಬರೆ. ಗಾಳಿ ಯಾವ ಕಡೆಗಿದೆ ಅಂತ ನಾನು ನೋಡಲೇ ಇಲ್ಲ. ಎರಡು ರಾತ್ರಿ ಮಲಗಿಲ್ಲ. ಕಣ್ಣು ಬಿಟ್ಟುಕೊಂಡೇ ನಿದ್ದೆ ಹೋಗಿದ್ದೆ."

ಮನೆಮಾತು ದಖ್ನಿ ಉರ್ದುವಾದ್ದರಿಂದ ಖಾದರನಿಗೆ ಒಂದೊಂದು ಮಾತೂ ಅರ್ಥವಾಯಿತು. ತಪ್ಪನ್ನು ಹುರುಳಿಯ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತಲ್ಲ ಈ ಪುಣ್ಯಾತ್ಮ! ಇಂಥ ಗಂಡಸನ್ನು ಖಾದರ್ ಕಂಡಿರಲಿಲ್ಲ. ತನ್ನ ನಾಲಿಗೆಯ ತುದಿಯಲ್ಲಿದ್ದ ಮಾತಿಗೆ ಅವನಿಗೇ ಹೇಸಿಗೆಯಾಯಿತು.

"ಕಾಳು ಹರಡೋಕೆ ಬಿಟ್ಟವನು ನಾನು ಹುಜೂರ್" ಎಂದ.

"ನಾಳೆಯಿಂದ ನೀನು ಬರಬೇಡ" ಎಂದ ಸಾಹೇಬ. ಹುರುಳಿಯನ್ನು ಪಕ್ಕದ ಹೊಲದ ಅಂಚಿನ ಹೊಂಗೆಮರದ ಕೆಳಗೆ ಗುಡ್ಡೆ ಹಾಕಿಸಿದ. ಆಮೇಲೆ ಪೈಲಟ್ಟಿನತ್ತ ತಿರುಗಿ, "ಚಹಾ ಕುಡಿದು ಹೊರಡು. ಸಾಮಾನು ಇವತ್ತೇ ತಲುಪಬೇಕು" ಎಂದ.

ಯುದ್ಧಕಾಲದ ಹುಕುಂ. ಹುಡುಗ ಮತ್ತೆ ವಿಮಾನ ಹತ್ತಿ ಕೂತ. ಎಂಜಿನ್ ಗುಡುಗಿತು. ಬಾವುಟಕ್ಕಾಗಿ ಅವನು ಖಾದರನತ್ತ ನೋಡಿದ. ರೆಪ್ಪೆಗಳು ತಾವಾಗಿಯೇ ಮುಚ್ಚಿ ತೆರೆಯುತ್ತಿದ್ದವು.

ಖಾದರ್ ಕೆಂಪು ಬಾವುಟ ಎತ್ತಿದ.

"ಹಸಿರು! ಹಸಿರು ತೋರಿಸು!" ಸಾಹೇಬ ಕೂಗಿದ.

"ನಾಳೆಯಿಂದ ಬರಬೇಡ ಅಂದಿರಿ ಹುಜೂರ್. ಇವತ್ತು ಬಾವುಟ ನನ್ನ ಕೈಲೇ ಇದೆ. ಅವರು ಮಲಗಿ ಎದ್ದ ಮೇಲೆ ಹಸಿರು ತೋರಿಸ್ತೀನಿ."

ಕೆಂಪೆಂದರೆ ಕೆಂಪು. ಪೈಲಟ್ ಎಂಜಿನ್ ನಿಲ್ಲಿಸಿ ಇಳಿದ. ಸಾಹೇಬ ಬಾಯಿ ತೆರೆದವನು ಹುಡುಗನ ತೂರಾಡುವ ನಡಿಗೆ ನೋಡಿ ಜೀಪಿನತ್ತ ತಿರುಗಿದ. ಹುಡುಗ ಹೊಂಗೆಯ ನೆರಳಿಗೆ ಹೋಗಿ ಹುರುಳಿ ಸೊಪ್ಪಿನ ಗುಡ್ಡೆಯ ಮೇಲೆ ಬಿದ್ದವನೇ ಗೊರಕೆ ಹೊಡೆದ.

ಹುರುಳಿ ಬಡಿಯಲು ಕೋಲೆತ್ತಿದ ಸೊಸೆಯ ಕೈಯನ್ನು ಅಮ್ಮಯಮ್ಮ ಹಿಡಿದಳು. "ಬ್ಯಾಡ ಕಣೇ, ಮಗ ಮಲಗವ್ನೆ. ನಾಳೆ ಬಡ್ಕೊಂಡ್ರಾಯ್ತು."

ಬಿಸಿಲು ಇಳಿದು ಹುಡುಗ ತಾನಾಗಿ ಕಣ್ಣು ಬಿಡುವವರೆಗೂ ಖಾದರ್ ಬಾವುಟ ಇಳಿಸಲಿಲ್ಲ. ತೋಳು ನೋಯುತ್ತಿತ್ತು. ಕೆಲಸದ ಕೊನೆಯ ದಿನವಾದರೂ ಕೆಲಸವನ್ನು ಸರಿಯಾಗಿ ಮಾಡಿದೆನಲ್ಲ ಎಂದು ಅವನಿಗೆ ಸಂತೋಷವಾಗಿತ್ತು.